ವಿದ್ಯುಚ್ಚಾಪದ ಕಾಣದ ಹಿಡಿತ

ವಿದ್ಯುತ್ ಬೆಸುಗೆ, ಅಂದರೆ ವೆಲ್ಡಿಂಗ್ ಕೆಲಸ ನಡೆಯುವುದನ್ನು ಕಾಣದವರು ನಮ್ಮಲ್ಲಿ ವಿರಳ. ಕೆಲಸಗಾರನು ಕಪ್ಪುಗಾಜಿನ ಮರೆಯಲ್ಲಿ ಮುಖವಿಟ್ಟು, ಲೋಹದ ಕಡ್ಡಿಯ ತುದಿಯನ್ನು ಕಬ್ಬಿಣದ ತಗಡಿಗೆ ಒಮ್ಮೆ ಸೋಕಿಸಿ, ಎರಡು ಮೂರು ಮಿಲಿಮೀಟರಿನಷ್ಟು ಹಿಂದಕ್ಕೆ ಸರಿಸುತ್ತಾನೆ. ಒಡನೆಯೆ ಕಣ್ಣು ಕೋರೈಸುವ ಬೆಳಕು ಹುಟ್ಟುತ್ತದೆ. ಕಡ್ಡಿಯ ತುದಿ ಕರಗಿ ಹನಿಹನಿಯಾಗಿ ಸಂದನ್ನು ಸೇರುತ್ತದೆ. ಈ ಬೆಳಕಿನಲ್ಲಿ ಅತಿನೇರಳೆ ಕಿರಣಗಳು ಹೇರಳವಾಗಿರುವುದರಿಂದ ಅದನ್ನು ಬರಿಗಣ್ಣಿನಿಂದ ಎಂದಿಗೂ ನೋಡಕೂಡದೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

ತಗಡು ಕೆಳಗೂ ಕಡ್ಡಿ ಮೇಲೂ ಇರುವಾಗ ಇದರಲ್ಲಿ ಸೋಜಿಗವೇನೂ ತೋರದು. ಕರಗಿದ ಲೋಹ ಕೆಳಕ್ಕೆ ತೊಟ್ಟಿಕ್ಕುವುದು ಸಹಜವೇ ಆಗಿದೆ. ಆದರೆ ಸೇತುವೆಯ ತೊಲೆಗಳನ್ನೋ ದೊಡ್ಡ ಕೊಳವೆಗಳನ್ನೋ ಬೆಸೆಯುವಾಗ ಕೆಲಸಗಾರನು ತನ್ನ ತಲೆಯ ಮೇಲಿರುವ ಸಂದನ್ನು ಕೆಳಗಿನಿಂದಲೇ ಮುಚ್ಚಬೇಕಾದ ಸಂದರ್ಭಗಳುಂಟು. ಆಗ ಕಡ್ಡಿ ಕೆಳಗಿರುತ್ತದೆ, ಸಂದು ಮೇಲಿರುತ್ತದೆ. ಆದರೂ ಹನಿಗಳು ಭೂಮಿಯ ಸೆಳೆತಕ್ಕೆ ಎದುರಾಗಿ ಮೇಲಕ್ಕೆ ನೆಗೆದು ಸಂದನ್ನು ಸೇರುತ್ತವೆ. ಕರಗಿದ ಕಬ್ಬಿಣವನ್ನು ಹೀಗೆ ಮೇಲಕ್ಕೆ ನೂಕುವ ಬಲ ಯಾವುದು? ಈ ಪ್ರಶ್ನೆಯ ಬೆನ್ನು ಹತ್ತಿ ಹೊರಟರೆ ನಾವು ಬೆಸುಗೆಯ ಅಂಗಡಿಯಿಂದ ಸೂರ್ಯನ ಒಳಗಿನ ಶಕ್ತಿಯನ್ನು ಭೂಮಿಯ ಮೇಲೆ ಪಡೆಯುವ ಪ್ರಯತ್ನಗಳವರೆಗೆ ಹೋಗಬೇಕಾಗುತ್ತದೆ.

ಚಾಪವೆಂದರೇನು?

ರಷ್ಯಾದ ವಾಸಿಲಿ ಪೆಟ್ರೋವ್ ೧೮೦೨ರಲ್ಲಿಯೂ, ಇಂಗ್ಲೆಂಡಿನ ಹಂಫ್ರಿ ಡೇವಿ ಅದೇ ಶತಮಾನದ ಮೊದಲ ವರ್ಷಗಳಲ್ಲಿಯೂ ಬಲವಾದ ಬ್ಯಾಟರಿಗಳ ಸಹಾಯದಿಂದ ಎರಡು ಇದ್ದಿಲ ತುಂಡುಗಳ ನಡುವೆ ಎಡೆಬಿಡದ ವಿದ್ಯುದ್ವಿಸರ್ಜನೆಯನ್ನು ಪಡೆದರು. ಇದ್ದಿಲ ತುಂಡುಗಳನ್ನು ಅಡ್ಡಲಾಗಿ ಇಟ್ಟಾಗ ಅವುಗಳ ನಡುವಣ ಕಾದ ಅನಿಲ ಹಗುರವಾಗಿ ಮೇಲಕ್ಕೇರುವುದರಿಂದ ಜ್ವಾಲೆಯು ಬಿಲ್ಲಿನಂತೆ ಬಾಗಿ ತೋರುತ್ತಿತ್ತು. ವಿದ್ಯುಚ್ಚಾಪವೆಂಬ ಹೆಸರಿಗೆ ಇದೇ ಕಾರಣ, ಚಾಪವೆಂದರೆ ಬಿಲ್ಲು.

ಸಾಮಾನ್ಯ ಉಷ್ಣತೆಯಲ್ಲಿ ಗಾಳಿಯು ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಆದರೆ ಚಾಪದ ಉಷ್ಣತೆಯಲ್ಲಿ ಅನಿಲದ ಪರಮಾಣುಗಳು ಒಂದನ್ನೊಂದು ಎಷ್ಟು ರಭಸದಿಂದ ತಾಗುತ್ತವೆಂದರೆ, ಅವುಗಳಿಂದ ಎಲೆಕ್ಟ್ರಾನುಗಳು ಕಳಚಿ ಹೊರಬೀಳುತ್ತವೆ. ಎಲೆಕ್ಟ್ರಾನು ಕಳೆದುಕೊಂಡ ಪರಮಾಣು ಧನ ಅಯಾನು ಎನಿಸುತ್ತದೆ. ಹೀಗೆ ಬಿಡಿ ಎಲೆಕ್ಟ್ರಾನುಗಳೂ ಅಯಾನುಗಳೂ ಬೆರೆತ ಅನಿಲಕ್ಕೆ ಅಮೆರಿಕದ ಇರ್ವಿಂಗ್ ಲ್ಯಾಂಗ್‌ಮ್ಯೂರ್ ೧೯೨೮ರಲ್ಲಿ ಪ್ಲಾಸ್ಮಾ ಎಂಬ ಹೆಸರನ್ನು ಕೊಟ್ಟನು. ಆರ್ಗಾನ್ ಅನಿಲದ ಆವರಣದಲ್ಲಿ ಉರಿಯುವ ಬೆಸುಗೆಯ ಚಾಪದ ನಡುಭಾಗದ ಉಷ್ಣತೆ ೧೫,೦೦೦ ಕೆಲ್ವಿನ್ನಿನಷ್ಟಿರಬಹುದು. ಸೂರ್ಯನ ಮೇಲ್ಮೈಯ ಉಷ್ಣತೆ ಸುಮಾರು ೫,೮೦೦ ಕೆಲ್ವಿನ್ ಎಂಬುದನ್ನು ನೆನೆದರೆ ಇದರ ತೀವ್ರತೆ ಮನಸ್ಸಿಗೆ ಬಂದೀತು.

ಇಷ್ಟು ಕಾದ ಅನಿಲವು ಎಲ್ಲ ದಿಕ್ಕುಗಳಿಗೂ ಸಿಡಿದು ಚದುರಿಹೋಗದೆ ಒಂದು ತೆಳುವಾದ ಕಂಬದಂತೆ ನಿಂತಿರುವುದು ಹೇಗೆ? ಅನಿಲದ ಒತ್ತಡವು ಎರಡು ಸಂಗತಿಗಳನ್ನು ಅವಲಂಬಿಸಿದೆ: ಒಂದು ಘನ ಮೀಟರಿನಲ್ಲಿ ಎಷ್ಟು ಕಣಗಳಿವೆ, ಅವುಗಳ ಉಷ್ಣತೆ ಎಷ್ಟು ಎಂಬುವೇ ಆ ಎರಡು. ಕೋಣೆಯ ಉಷ್ಣತೆಗಿಂತ ಚಾಪದ ಉಷ್ಣತೆ ೫೦ ಪಟ್ಟು ಹೆಚ್ಚು. ಆದರೆ ಕಾಯುವಾಗಲೇ ಅನಿಲ ಹಿಗ್ಗಿರುವುದರಿಂದ ಅದರ ಕಣಗಳ ಸಂಖ್ಯೆಯೂ ೫೦ರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಎರಡನ್ನೂ ಗುಣಿಸಿದರೆ ಪ್ಲಾಸ್ಮಾದ ಒತ್ತಡವು ಹೊರಗಿನ ಗಾಳಿಯ ಒತ್ತಡಕ್ಕೆ, ಅಂದರೆ ಒಂದು ವಾಯುಭಾರಕ್ಕೆ, ಹೆಚ್ಚು ಕಡಿಮೆ ಸಮನಾಗುತ್ತದೆ. ಆದುದರಿಂದ ಸಾಮಾನ್ಯ ಚಾಪವನ್ನು ಸುತ್ತಲಿನಿಂದ ತಡೆದು ನಿಲ್ಲಿಸಿರುವುದು ಮುಖ್ಯವಾಗಿ ನಮ್ಮ ವಾತಾವರಣವೇ. ಆದರೆ ಹಿಡಿತವೆಲ್ಲ ವಾತಾವರಣದ್ದೇ ಅಲ್ಲ. ಇನ್ನೊಂದು ಬಲವೂ ಅಲ್ಲಿ ಕೆಲಸಮಾಡುತ್ತಿದೆ.

ಪ್ರವಾಹವು ತನ್ನನ್ನು ತಾನೇ ಹಿಸುಕುವ ಬಗೆ

ಎರಡು ತಂತಿಗಳನ್ನು ಅಕ್ಕಪಕ್ಕದಲ್ಲಿ ಸಮಾಂತರವಾಗಿಟ್ಟು ಒಂದೇ ದಿಕ್ಕಿನಲ್ಲಿ ವಿದ್ಯುತ್ಪ್ರವಾಹವನ್ನು ಹರಿಸಿದರೆ ಅವು ಪರಸ್ಪರ ಆಕರ್ಷಿಸುತ್ತವೆಂದೂ, ವಿರುದ್ಧ ದಿಕ್ಕುಗಳಲ್ಲಿ ಹರಿಸಿದರೆ ವಿಕರ್ಷಿಸುತ್ತವೆಂದೂ ಫ್ರಾನ್ಸಿನ ಆಂಪೇರ್ ೧೮೨೦ರಲ್ಲಿ ತೋರಿಸಿದನು. ತೆಳುವಾದ ಅಲ್ಯೂಮಿನಿಯಂ ಹಾಳೆಯಿಂದ ಎರಡು ಕಿರಿದಾದ ಪಟ್ಟಿಗಳನ್ನು ಕತ್ತರಿಸಿ, ಸ್ವಲ್ಪ ಸಡಿಲವಾಗಿ ಅಕ್ಕಪಕ್ಕದಲ್ಲಿ ತೂಗಬಿಟ್ಟು, ಟಾರ್ಚಿನ ದೊಡ್ಡ ಸೆಲ್ಲಿನಿಂದ ಕ್ಷಣಮಾತ್ರ ಪ್ರವಾಹ ಹರಿಸಿದರೆ ಇದನ್ನು ಯಾವ ವಿದ್ಯಾರ್ಥಿಯಾದರೂ ಕಣ್ಣಾರೆ ಕಾಣಬಹುದು. ಮನೆಯ ವಿದ್ಯುತ್ತನ್ನು ಮಾತ್ರ ಇದಕ್ಕೆ ಬಳಸಬಾರದು.

ಈಗ ಒಂದೇ ದಪ್ಪ ವಾಹಕವನ್ನು ಅನೇಕ ತೆಳು ಎಳೆಗಳ ಕಟ್ಟೆಂದು ಭಾವಿಸೋಣ. ಎಲ್ಲ ಎಳೆಗಳಲ್ಲಿಯೂ ಪ್ರವಾಹದ ದಿಕ್ಕು ಒಂದೇ. ಆದುದರಿಂದ ಪ್ರತಿಯೊಂದು ಎಳೆಯೂ ಉಳಿದವುಗಳನ್ನು ತನ್ನೆಡೆಗೆ ಸೆಳೆಯುತ್ತದೆ. ಕಟ್ಟು ಒಟ್ಟಾರೆ ಒಳಮುಖವಾಗಿ ಬಿಗಿಯುತ್ತದೆ. ಒಂದೇ ಜಾತಿಯ ವಿದ್ಯುದಂಶಗಳು ವಿಕರ್ಷಿಸಬೇಕಲ್ಲವೆ ಎಂಬ ಸಂದೇಹ ಇಲ್ಲಿ ಏಳಬಹುದು. ವಾಹಕದಲ್ಲಿ ಋಣ ವಿದ್ಯುದಂಶವಿದ್ದಷ್ಟೇ ಧನ ವಿದ್ಯುದಂಶವೂ ಇರುವುದರಿಂದ ಆ ವಿಕರ್ಷಣೆ ಅಳಿದುಹೋಗುತ್ತದೆ. ಪ್ರವಾಹದಿಂದ ಹುಟ್ಟಿದ ಕಾಂತಬಲವೊಂದೇ ಉಳಿಯುತ್ತದೆ.

ಇದೇ ಮಾತನ್ನು ಇನ್ನೊಂದು ಬಗೆಯಿಂದಲೂ ಹೇಳಬಹುದು. ಪ್ರವಾಹವು ತನ್ನ ಸುತ್ತ ಬಳೆಗಳಂತಿರುವ ಕಾಂತರೇಖೆಗಳನ್ನು ಉಂಟುಮಾಡುತ್ತದೆ. ಈ ಕಾಂತಕ್ಷೇತ್ರವು ವಾಹಕದ ಮೇಲ್ಮೈಯನ್ನು ಒಳಕ್ಕೆ ಒತ್ತುತ್ತದೆ. ಈ ಕಾಂತೀಯ ಒತ್ತಡವು ಕ್ಷೇತ್ರದ ವರ್ಗಕ್ಕೆ ಅನುಗುಣವಾಗಿರುತ್ತದೆ: ಒಂದು ಟೆಸ್ಲಾ ಕ್ಷೇತ್ರದ ಒತ್ತಡ ಸುಮಾರು ೪ ವಾಯುಭಾರ, ಎರಡು ಟೆಸ್ಲಾ ಆದರೆ ಸುಮಾರು ೧೬ ವಾಯುಭಾರ.

ಈ ಒತ್ತಡದ ಪ್ರಬಲವಾದ ಸಾಕ್ಷ್ಯವೊಂದು ಆಸ್ಟ್ರೇಲಿಯಾದಲ್ಲಿ ದೊರೆಯಿತು. ನ್ಯೂ ಸೌತ್ ವೇಲ್ಸ್ ಪ್ರಾಂತದ ಹಾರ್ಟ್ಲಿ ವೇಲ್ ಎಂಬಲ್ಲಿದ್ದ ಸೀಮೆಎಣ್ಣೆ ಕಾರ್ಖಾನೆಯಲ್ಲಿ ಮಿಂಚು ತಡೆಯಲು ತಾಮ್ರದ ಟೊಳ್ಳು ಕೊಳವೆಯೊಂದನ್ನು ನಿಲ್ಲಿಸಿದ್ದರು. ಸಿಡಿಲು ಬಡಿದ ಮೇಲೆ ನೋಡಿದರೆ, ಆ ಕೊಳವೆ ಯಾರೋ ಹಿಡಿಯಲ್ಲಿ ಹಿಸುಕಿ ನಜ್ಜುಗುಜ್ಜು ಮಾಡಿದಂತೆ ಒಳಕ್ಕೆ ಕುಸಿದಿತ್ತು. ಸಿಡ್ನಿ ವಿಶ್ವವಿದ್ಯಾನಿಲಯದ ಪೊಲಾಕ್ ಮತ್ತು ಬ್ಯಾರಕ್ಲಫ್ ಎಂಬಿಬ್ಬರು ಇದನ್ನು ಪರೀಕ್ಷಿಸಿ, ಸಿಡಿಲಿನ ಪ್ರವಾಹದ ಸ್ವಂತ ಕಾಂತಬಲವೇ ಕೊಳವೆಯನ್ನು ಹಿಸುಕಿತೆಂದು ೧೯೦೫ರಲ್ಲಿ ಪ್ರಕಟಿಸಿದರು. ಒಂದು ಸೆಂಟಿಮೀಟರು ತ್ರಿಜ್ಯದ ಕೊಳವೆಯಲ್ಲಿ ಒಂದು ಲಕ್ಷ ಆಂಪೇರ್ ಹರಿದರೆ ಅದರ ಮೇಲ್ಮೈಯಲ್ಲಿ ಎರಡು ಟೆಸ್ಲಾ ಕ್ಷೇತ್ರ ಉಂಟಾಗುತ್ತದೆ. ಪ್ರಬಲವಾದ ಸಿಡಿಲುಗಳಲ್ಲಿ ಅಷ್ಟು ಪ್ರವಾಹವಿರುವುದುಂಟು. ಪ್ರವಾಹದ ಶಾಖದಿಂದ ಮೆತ್ತಗಾದ ತೆಳು ತಾಮ್ರವು ೧೬ ವಾಯುಭಾರದ ಹಿಸುಕನ್ನು ತಾಳಲಾರದೆ ಹೋದರೆ ಆಶ್ಚರ್ಯವಿಲ್ಲ.

ಎಂಬತ್ತರಲ್ಲಿ ಒಂದು ಪಾಲು

ಬೆಸುಗೆಯ ಚಾಪದಲ್ಲಿ ಸಿಡಿಲಿನಷ್ಟು ಪ್ರವಾಹವಿಲ್ಲ. ಅದರಲ್ಲಿ ೨೦೦ ಆಂಪೇರ್ ಹರಿಯುತ್ತದೆಂದೂ, ಕಡ್ಡಿಯ ತುದಿಯ ಹತ್ತಿರ ಚಾಪದ ತ್ರಿಜ್ಯ ಒಂದು ಮಿಲಿಮೀಟರೆಂದೂ ಇಟ್ಟುಕೊಳ್ಳೋಣ. ಆಗ ಮೇಲ್ಮೈಯ ಕಾಂತಕ್ಷೇತ್ರ ೦.೦೪ ಟೆಸ್ಲಾ, ಅದರ ಒತ್ತಡ ಸುಮಾರು ೬೪೦ ಪಾಸ್ಕಲ್. ಚಾಪದ ನಡು ಅಕ್ಷದಲ್ಲಿ ಇದು ಇನ್ನೂ ಹೆಚ್ಚುತ್ತದೆ. ಒಂದರ ಮೇಲೊಂದು ಪೇರಿಸಿದ ಭತ್ತದ ಮೂಟೆಗಳಲ್ಲಿ ಮೇಲಿನವುಗಳ ಭಾರವೆಲ್ಲ ಕೂಡಿ ತಳದ ಮೂಟೆಯ ಮೇಲೆ ಬೀಳುವಂತೆ, ಹೊರಗಿನ ಪ್ರತಿಯೊಂದು ಪದರದ ಒಳನೂಕೂ ಕೂಡುತ್ತ ಹೋಗಿ ಅಕ್ಷದಲ್ಲಿ ಅತಿ ಹೆಚ್ಚಾಗುತ್ತದೆ. ಪ್ರವಾಹವು ಎಲ್ಲೆಡೆಯೂ ಸಮವಾಗಿ ಹರಡಿದ್ದರೆ ಅಕ್ಷದ ಹೆಚ್ಚಳವು ಮೇಲ್ಮೈಯ ಕಾಂತೀಯ ಒತ್ತಡದ ಇಮ್ಮಡಿ, ಅಂದರೆ ಸುಮಾರು ೧,೨೭೦ ಪಾಸ್ಕಲ್ ಆಗುತ್ತದೆ.

ಒಂದು ವಾಯುಭಾರವೆಂದರೆ ೧,೦೧,೩೨೫ ಪಾಸ್ಕಲ್. ಆದುದರಿಂದ ಕಾಂತೀಯ ಹಿಸುಕಿನ ಪಾಲು ಎಂಬತ್ತರಲ್ಲಿ ಒಂದು ಮಾತ್ರ. ಉಳಿದುದೆಲ್ಲ ಗಾಳಿಯದು. ಇಷ್ಟು ಅಲ್ಪವಾದುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆ ಎಂದು ವಾಚಕರು ಕೇಳಬಹುದು. ಅವಶ್ಯವಾಗಿ ತೆಗೆದುಕೊಳ್ಳಬೇಕು. ಏಕೆಂದರೆ ಅನಿಲವನ್ನು ಚಲಿಸುವಂತೆ ಮಾಡುವುದು ಒತ್ತಡವಲ್ಲ, ಒಂದೆಡೆಗೂ ಇನ್ನೊಂದೆಡೆಗೂ ಇರುವ ಒತ್ತಡದ ವ್ಯತ್ಯಾಸ. ಗಾಳಿಯ ಒತ್ತಡವು ಚಾಪದ ಉದ್ದಕ್ಕೂ ಒಂದೇ ಸಮನಾಗಿದೆ. ಅದರಿಂದ ಯಾವ ಚಲನೆಯೂ ಉಂಟಾಗದು. ಕಾಂತೀಯ ಹಿಸುಕಾದರೋ ಹಾಗಲ್ಲ. ಅದು ತ್ರಿಜ್ಯದ ವರ್ಗಕ್ಕೆ ವಿಲೋಮವಾಗಿರುತ್ತದೆ. ಚಾಪವು ಕಡ್ಡಿಯ ತುದಿಯಲ್ಲಿ ಕಿರಿದಾಗಿಯೂ ತಗಡಿನ ಹತ್ತಿರ ಗಂಟೆಯಂತೆ ಅಗಲವಾಗಿಯೂ ಇರುತ್ತದೆ. ತಗಡಿನ ಬಳಿ ತ್ರಿಜ್ಯ ೫ ಮಿಲಿಮೀಟರಾದರೆ ಅಲ್ಲಿನ ಹಿಸುಕು ೨೫ರಲ್ಲಿ ಒಂದು ಪಾಲಿಗೆ, ಸುಮಾರು ೫೦ ಪಾಸ್ಕಲಿಗೆ, ಇಳಿಯುತ್ತದೆ.

ಹಸುವಿನ ಹಾಲು ಕರೆಯುವವರ ಬೆರಳುಗಳನ್ನು ಗಮನಿಸಿ. ಅವರು ಮೊಲೆಯನ್ನು ಎಲ್ಲೆಡೆಯೂ ಒಂದೇ ಸಮನೆ ಒತ್ತುವುದಿಲ್ಲ. ಮೇಲಿನ ಬೆರಳಿನಿಂದ ಮೊದಲು ಬಿಗಿಹಿಡಿದು ಹಾಲನ್ನು ಕೆಳಕ್ಕೆ ನೂಕುತ್ತಾರೆ. ಚಾಪದಲ್ಲಿಯೂ ಹಾಗೆಯೇ. ಕಿರಿದಾದ ತುದಿಯಲ್ಲಿ ಬಿಗಿಯಾಗಿಯೂ ಅಗಲವಾದ ತುದಿಯಲ್ಲಿ ಸಡಿಲವಾಗಿಯೂ ಹಿಸುಕಲ್ಪಟ್ಟ ಪ್ಲಾಸ್ಮಾವು ಕಡ್ಡಿಯಿಂದ ತಗಡಿನ ಕಡೆಗೆ ಚಿಮ್ಮುತ್ತದೆ. ಅದರ ಸಾಂದ್ರತೆ ಘನ ಮೀಟರಿಗೆ ಸುಮಾರು ೦.೦೨ ಕಿಲೋಗ್ರಾಂ ಮಾತ್ರ. ಇಷ್ಟು ಹಗುರವಾದ ವಸ್ತುವಿಗೆ ಆ ಸಣ್ಣ ವ್ಯತ್ಯಾಸವೇ ಭಾರಿ ನೂಕು. ಘರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದರೆ ವೇಗವು ಸೆಕೆಂಡಿಗೆ ಸುಮಾರು ೩೫೦ ಮೀಟರು ಬರುತ್ತದೆ. ನಾವಿರುವ ಗಾಳಿಯಲ್ಲಿ ಶಬ್ದದ ವೇಗವೂ ಸುಮಾರು ಅಷ್ಟೇ. ಜರ್ಮನಿಯ ಹೈನ್ಸ್ ಮೇಕರ್ ಈ ಪ್ಲಾಸ್ಮಾ ಹರಿವಿನ ಕಾರಣವನ್ನು ೧೯೫೫ರಲ್ಲಿ ವಿಶದವಾಗಿ ವಿವರಿಸಿದನು.

ಈ ಹಿಸುಕು ಪ್ರವಾಹದ ವರ್ಗವನ್ನು ಅವಲಂಬಿಸಿರುವುದರಿಂದ ಪ್ರವಾಹದ ದಿಕ್ಕು ತಿರುಗಿದರೂ ಅದು ಒಳಮುಖವಾಗಿಯೇ ಉಳಿಯುತ್ತದೆ. ದಿಕ್ಕು ಬದಲಾಗುತ್ತಲೇ ಇರುವ ಪರ್ಯಾಯ ಪ್ರವಾಹದಿಂದಲೂ ತಲೆಯ ಮೇಲಿನ ಬೆಸುಗೆ ಸಾಧ್ಯವಾಗುವುದು ಇದರಿಂದಲೇ.

ಹನಿಯ ಕತ್ತು

ಹನಿಯ ವಿಚಾರಕ್ಕೆ ಬರೋಣ. ಹನಿಯನ್ನು ಕಡ್ಡಿಗೆ ಅಂಟಿಸಿಕೊಂಡಿರುವುದು ದ್ರವದ ಮೇಲ್ಮೈ ಸೆಳೆತ. ಕರಗಿದ ಉಕ್ಕಿನಲ್ಲಿ ಇದು ಮೀಟರಿಗೆ ೧.೨ರಿಂದ ೧.೮ ನ್ಯೂಟನ್, ನೀರಿನದಕ್ಕಿಂತ ಸುಮಾರು ಹದಿನೇಳರಿಂದ ಇಪ್ಪತ್ತೈದು ಪಟ್ಟು ಹೆಚ್ಚು. ತಂತಿಯ ಅಂಚಿನ ಸುತ್ತಳತೆಯನ್ನು ಇದರಿಂದ ಗುಣಿಸಿದರೆ ಹನಿಯನ್ನು ಹಿಡಿದಿರುವ ಬಲ ಸಿಕ್ಕುತ್ತದೆ. ಇನ್ನೊಂದು ಕಡೆ, ಹನಿಗೂ ತಂತಿಗೂ ನಡುವಣ ಕಿರಿದಾದ ಕತ್ತನ್ನು ಕಾಂತಬಲವು ಹಿಸುಕಿ ಹನಿಯನ್ನು ಮುಂದಕ್ಕೆ ನೂಕುತ್ತದೆ. ಆಂಪೇರುಗಳಲ್ಲಿ ಹೇಳಿದ ಪ್ರವಾಹದ ವರ್ಗವನ್ನು ಒಂದು ಕೋಟಿಯಿಂದ ಭಾಗಿಸಿದರೆ ಈ ಬಲದ ಸ್ಥೂಲ ಬೆಲೆ ನ್ಯೂಟನ್ನುಗಳಲ್ಲಿ ಬರುತ್ತದೆ.

ಬೆಸುಗೆಗೆ ಬಳಸುವ ೧.೨ ಮಿಲಿಮೀಟರು ವ್ಯಾಸದ ಉಕ್ಕಿನ ತಂತಿಯಲ್ಲಿ ಈ ಎರಡು ಬಲಗಳೂ ಯಾವ ಪ್ರವಾಹದಲ್ಲಿ ಸಮನಾಗುತ್ತವೆ? ಲೆಕ್ಕದಿಂದ ಬರುವ ಉತ್ತರ ೨೧೦ರಿಂದ ೨೬೦ ಆಂಪೇರ್. ಅನುಭವವೂ ಇದನ್ನೇ ಹೇಳುತ್ತದೆ. ಆರ್ಗಾನ್ ಹೆಚ್ಚಾಗಿರುವ ಅನಿಲದಲ್ಲಿ ಇಂಥ ತಂತಿಯಿಂದ ಬೆಸೆಯುವಾಗ, ಪ್ರವಾಹ ಕಡಿಮೆಯಿದ್ದರೆ ತಂತಿಗಿಂತ ದಪ್ಪವಾದ ಹನಿಗಳು ತಡೆತಡೆದು ಬೀಳುತ್ತವೆ; ಸುಮಾರು ಈ ಮಿತಿಯನ್ನು ದಾಟಿದೊಡನೆ ಅವು ಸಣ್ಣ ಹನಿಗಳ ತುಂತುರಾಗಿ ತಂತಿಯ ನೇರಕ್ಕೆ ಚಿಮ್ಮುತ್ತವೆ. ಹನಿಯ ಕತ್ತನ್ನು ಹಿಸುಕು ಕತ್ತರಿಸುತ್ತದೆ. ಬಿಡಿಯಾದ ಹನಿಯನ್ನು ಪ್ಲಾಸ್ಮಾದ ಬಿರುಗಾಳಿ ಹೊತ್ತೊಯ್ಯುತ್ತದೆ. ಮದ್ದು ಲೇಪಿಸಿದ ಕಡ್ಡಿಯಾದರೆ ಲೇಪ ಉರಿದು ಬರುವ ಅನಿಲವೂ ನೂಕಿಗೆ ನೆರವಾಗುತ್ತದೆ. ಸಂದನ್ನು ಮುಟ್ಟಿದ ಮೇಲೆ ಮೇಲ್ಮೈ ಸೆಳೆತವೇ ಅದನ್ನು ಅಲ್ಲಿ ಹಿಡಿದುಕೊಳ್ಳುತ್ತದೆ. ಇವುಗಳ ಮುಂದೆ ಚಿಕ್ಕ ಹನಿಯೊಂದರ ತೂಕ ನಗಣ್ಯ. ಕಬ್ಬಿಣವು ಮೇಲಕ್ಕೆ ತೊಟ್ಟಿಕ್ಕುವ ರಹಸ್ಯ ಇದು.

ಬಿಗಿದಷ್ಟೂ ಹೆಚ್ಚುವ ಬಿಗಿತ

ಹಿಸುಕಿನ ಇದೇ ಗುಣದಲ್ಲಿ ಒಂದು ಅಪಾಯವೂ ಅಡಗಿದೆ. ಕಂಬವು ಎಲ್ಲಿಯಾದರೂ ಸ್ವಲ್ಪ ಸಣ್ಣಗಾದರೆ ಅಲ್ಲಿ ಹಿಸುಕು ಹೆಚ್ಚುತ್ತದೆ, ಹಿಸುಕು ಹೆಚ್ಚಿದುದರಿಂದ ಅದು ಇನ್ನೂ ಸಣ್ಣಗಾಗುತ್ತದೆ, ಕೊನೆಗೆ ಕಡಿದುಹೋಗುತ್ತದೆ. ಕರಗಿದ ಲೋಹದ ಕಾಲುವೆಯಲ್ಲಿ ಬಲವಾದ ಪ್ರವಾಹ ಹರಿಸಿದಾಗ ಲೋಹವು ನಡುವೆ ಕುಗ್ಗಿ ತುಂಡಾಗುವುದನ್ನು ಅಮೆರಿಕದ ಕಾರ್ಲ್ ಹೆರಿಂಗ್ ಕಂಡನು. ಆತನು ಇದನ್ನು ಪಿಂಚ್, ಅಂದರೆ ಚಿವುಟು, ಎಂದು ಕರೆದನು. ಎಡ್ವಿನ್ ನಾರ್ತ್ರಪ್ ೧೯೦೭ರಲ್ಲಿ ಇದರ ಪ್ರಯೋಗಗಳನ್ನೂ ಗಣಿತವನ್ನೂ ಪ್ರಕಟಿಸಿದನು. ಕಂಬವು ಬಾಗಿದರೂ ಇಂಥದೇ ತೊಂದರೆ. ಬಾಗಿನ ಒಳಬದಿಯಲ್ಲಿ ಕಾಂತರೇಖೆಗಳು ಒತ್ತೊತ್ತಾಗಿ, ಬಾಗನ್ನು ಇನ್ನೂ ಹೊರಕ್ಕೆ ತಳ್ಳುತ್ತವೆ.

ಬೆಸುಗೆಯಲ್ಲಿ ಈ ಅಸ್ಥಿರತೆ ನಮಗೆ ಉಪಕಾರಿ. ಹನಿಯನ್ನು ಕತ್ತರಿಸಿ ಕೊಡುವುದು ಅದೇ. ಆದರೆ ಪ್ಲಾಸ್ಮಾವನ್ನು ಕಾಂತಬಲವೊಂದರಿಂದಲೇ ಬಹುಕಾಲ ಹಿಡಿದಿಡಬೇಕೆಂದಾಗ ಇದೇ ಶತ್ರುವಾಗುತ್ತದೆ. ಸೂರ್ಯನಲ್ಲಿ ಹಗುರ ಪರಮಾಣು ಬೀಜಗಳು ಕೂಡಿಕೊಂಡು ಶಕ್ತಿಯನ್ನು ಬಿಡುಗಡೆ ಮಾಡುತ್ತವೆ. ಅದನ್ನು ಭೂಮಿಯ ಮೇಲೆ ಸಾಧಿಸಲು ಪ್ಲಾಸ್ಮಾವನ್ನು ಹತ್ತು ಕೋಟಿ ಕೆಲ್ವಿನ್‌ಗೂ ಮಿಗಿಲಾಗಿ ಕಾಯಿಸಬೇಕು. ಯಾವ ಪಾತ್ರೆಯೂ ಅದನ್ನು ಮುಟ್ಟುವಂತಿಲ್ಲ; ಸುತ್ತ ಗಾಳಿಯೂ ಇರುವಂತಿಲ್ಲ. ಹಿಡಿತವೆಲ್ಲವೂ ಕಾಂತಕ್ಷೇತ್ರದ್ದೇ ಆಗಬೇಕು. ಪ್ರವಾಹದ ಹಿಸುಕಿಗೂ ಪ್ಲಾಸ್ಮಾದ ಒತ್ತಡಕ್ಕೂ ಸರಿಹೊಂದುವ ನಿಯಮವನ್ನು ವಿಲ್ಲಾರ್ಡ್ ಬೆನೆಟ್ ೧೯೩೪ರಷ್ಟು ಹಿಂದೆಯೇ ಕೊಟ್ಟಿದ್ದನು. ಲಕ್ಷಗಟ್ಟಲೆ ಆಂಪೇರ್ ಹರಿಸಿದರೆ ಕೆಲಸವಾದೀತೆಂಬ ಭರವಸೆ ಆಗ ಸಹಜವಾಗಿತ್ತು. ೧೯೫೫ರ ಆಗಸ್ಟಿನಲ್ಲಿ ಜಿನೀವಾದಲ್ಲಿ ನಡೆದ ಪರಮಾಣು ಶಕ್ತಿಯ ಶಾಂತಿಯುತ ಉಪಯೋಗಗಳ ಸಮ್ಮೇಳನದ ಅಧ್ಯಕ್ಷರಾಗಿದ್ದ ನಮ್ಮ ದೇಶದ ಹೋಮಿ ಭಾಭಾ ಅವರು, ಈ ಶಕ್ತಿಯನ್ನು ಹತೋಟಿಯಲ್ಲಿ ಪಡೆಯುವ ದಾರಿ ಇಪ್ಪತ್ತು ವರ್ಷಗಳೊಳಗೆ ದೊರೆಯುವುದೆಂದು ಭವಿಷ್ಯ ನುಡಿದರು.

ಇಂಗ್ಲೆಂಡಿನ ಹಾರ್ವೆಲ್ಲಿನಲ್ಲಿ ಕೋಡುಬಳೆಯ ಆಕಾರದ ಟೊಳ್ಳು ಕೊಳವೆಯುಳ್ಳ ಜೀಟಾ ಎಂಬ ಯಂತ್ರ ೧೯೫೭ರಲ್ಲಿ ಕೆಲಸಕ್ಕೆ ತೊಡಗಿತು. ಅದರಿಂದ ಹೊರಟ ನ್ಯೂಟ್ರಾನುಗಳು ಸೂರ್ಯನಲ್ಲಿ ನಡೆಯುವಂಥ ಕ್ರಿಯೆಯಿಂದ ಬಂದವೆಂಬ ಆಸೆ ೧೯೫೮ರ ಜನವರಿಯಲ್ಲಿ ಲೋಕಕ್ಕೆಲ್ಲ ಹಬ್ಬಿತು. ಕೆಲವೇ ತಿಂಗಳಲ್ಲಿ ಅದು ನಿಜವಲ್ಲವೆಂದು ತಿಳಿಯಿತು. ಇಡೀ ಪ್ಲಾಸ್ಮಾ ಅಷ್ಟು ಕಾದಿರಲಿಲ್ಲ. ಅಸ್ಥಿರತೆಯಿಂದ ಹುಟ್ಟಿದ ವಿದ್ಯುತ್ ಕ್ಷೇತ್ರಗಳಲ್ಲಿ ವೇಗ ಪಡೆದ ಕೆಲವು ಅಯಾನುಗಳ ಘರ್ಷಣೆಯಿಂದ ಆ ನ್ಯೂಟ್ರಾನುಗಳು ಬಂದಿದ್ದವು. ಬೆನೆಟ್ಟನ ಲೆಕ್ಕ ತಪ್ಪಾಗಿರಲಿಲ್ಲ. ಒತ್ತಡಗಳು ಸಮನಾಗುವುದು ಬೇರೆ, ಆ ಸಮತೆ ನೆಲೆಯಾಗಿ ನಿಲ್ಲುವುದು ಬೇರೆ. ಪೆನ್ಸಿಲನ್ನು ಮೊನೆಯ ಮೇಲೆ ನಿಲ್ಲಿಸಿದರೂ ಬಲಗಳು ಸಮನಾಗಿಯೇ ಇರುತ್ತವೆ. ಆದರೆ ಅದು ನಿಲ್ಲುವುದಿಲ್ಲ.

ಸೋವಿಯತ್ ವಿಜ್ಞಾನಿಗಳು ರೂಪಿಸಿದ ಟೋಕಮಾಕ್ ಯಂತ್ರಗಳಲ್ಲಿ ಪ್ರವಾಹದ ಸ್ವಂತ ಕ್ಷೇತ್ರದ ಜೊತೆಗೆ, ಕೊಳವೆಯ ಉದ್ದಕ್ಕೂ ಅದಕ್ಕಿಂತ ಬಹಳ ಪ್ರಬಲವಾದ ಇನ್ನೊಂದು ಕಾಂತಕ್ಷೇತ್ರವನ್ನು ಹೊರಗಿನ ಸುರುಳಿಗಳಿಂದ ಹೂಡುತ್ತಾರೆ. ಅದು ಬೆನ್ನೆಲುಬಿನಂತೆ ನಿಂತು ಪ್ಲಾಸ್ಮಾವು ಬಾಗದಂತೆ, ಕಡಿಯದಂತೆ ಕಾಯುತ್ತದೆ. ಗುಜರಾತಿನ ಗಾಂಧಿನಗರದಲ್ಲಿ ೧೯೮೯ರಲ್ಲಿ ಕೆಲಸಕ್ಕೆ ತೊಡಗಿದ ಆದಿತ್ಯವು ಭಾರತದಲ್ಲಿಯೇ ನಿರ್ಮಿಸಿದ ಇಂಥ ಯಂತ್ರ. ಒಂದು ಘನ ಮೀಟರಿನಲ್ಲಿ ಹತ್ತರ ಇಪ್ಪತ್ತನೆಯ ಘಾತದಷ್ಟು ಅಯಾನುಗಳೂ ಅಷ್ಟೇ ಎಲೆಕ್ಟ್ರಾನುಗಳೂ ಹತ್ತು ಕೋಟಿ ಕೆಲ್ವಿನ್ನಿನಲ್ಲಿದ್ದರೆ ಅವುಗಳ ಒತ್ತಡ ಸುಮಾರು ೨.೭ ವಾಯುಭಾರ. ಅದನ್ನು ನೆಲೆಯಾಗಿ ಹಿಡಿಯಲು ದೊಡ್ಡ ಟೋಕಮಾಕ್‌ಗಳಲ್ಲಿ ಬಳಸುವ ೫ ಟೆಸ್ಲಾ ಕ್ಷೇತ್ರದ ಒತ್ತಡವಾದರೋ ನೂರು ವಾಯುಭಾರಕ್ಕೆ ಹತ್ತಿರ. ಮೂರು ಪಾಲಿನ ಕೆಲಸಕ್ಕೆ ನೂರು ಪಾಲಿನ ಕಾವಲು! ಭಾಭಾ ಅವರು ಹೇಳಿದ ಇಪ್ಪತ್ತು ವರ್ಷಗಳು ಕಳೆದು ಎಷ್ಟೋ ಕಾಲವಾದರೂ ಈ ಕ್ರಿಯೆಯಿಂದ ಊರಿಗೆ ವಿದ್ಯುತ್ತನ್ನು ಒದಗಿಸುವ ಸ್ಥಾವರ ಈವರೆಗೆ ಎಲ್ಲಿಯೂ ಇಲ್ಲದಿರುವುದಕ್ಕೆ, ಕೈಗೆ ಸಿಕ್ಕೂ ಸಿಗದ ಈ ಸ್ಥಿರತೆಯೇ ಒಂದು ಮುಖ್ಯ ಕಾರಣ.

ವಿದ್ಯಾರ್ಥಿಗಳಿಗೆ ಒಂದು ಲೆಕ್ಕವನ್ನು ಬಿಟ್ಟು ಈ ಲೇಖನವನ್ನು ಮುಗಿಸುತ್ತೇವೆ. ಒಂದು ಮಿಲಿಮೀಟರು ತ್ರಿಜ್ಯದ ಚಾಪದಲ್ಲಿ ಎಷ್ಟು ಪ್ರವಾಹ ಹರಿದರೆ ಮೇಲ್ಮೈಯ ಕಾಂತೀಯ ಒತ್ತಡವು ಒಂದು ವಾಯುಭಾರಕ್ಕೆ ಸಮನಾಗುತ್ತದೆ? ೨೦೦ ಆಂಪೇರಿನಲ್ಲಿ ಅದು ೬೪೦ ಪಾಸ್ಕಲ್ ಎಂಬುದನ್ನೂ, ಒತ್ತಡವು ಪ್ರವಾಹದ ವರ್ಗದಂತೆ ಏರುತ್ತದೆಂಬುದನ್ನೂ ಬಳಸಿಕೊಂಡರೆ ಸಾಕು. ಉತ್ತರವು ೨,೫೦೦ ಆಂಪೇರಿಗೆ ಸಮೀಪವಾಗಿ ಬಂದರೆ, ಗಾಳಿಯ ಹಿಡಿತಕ್ಕೆ ಸರಿಸಮನಾಗಿ ಕಾಂತಬಲದ ಹಿಡಿತ ನಿಲ್ಲುವ ಎಡೆ ಯಾವುದೆಂಬುದನ್ನು ನೀವೇ ಕಂಡುಕೊಂಡಂತಾಯಿತು.